ಗೊತ್ತಿದ್ದೂ ಕಾಣುವುದು



ಭ್ರಮೆಯ ಬಗ್ಗೆ ಮಾತಾಡಲು ನಾವು ಸೇರಿರುವ ಬೆಂಗಳೂರಿನ ಬಾಗಲೂರು ತಕ್ಕ ಜಾಗ. ಪಶ್ಚಿಮಕ್ಕೆ ಯಲಹಂಕದ ವಾಯುನೆಲೆ, ಉತ್ತರಕ್ಕೆ 2008ರಲ್ಲಿ ಶುರುವಾದ ವಿಮಾನ ನಿಲ್ದಾಣ. ವೇದಾಂತ ಓದದ ಪೈಲಟ್‌ಗೂ ಭ್ರಮೆ ದಿನನಿತ್ಯದ ಅಪಾಯ. ಮೋಡದೊಳಗೆ ವಿಮಾನ ಒಂದೇ ಸಮನೆ ತಿರುಗುತ್ತಿದ್ದರೆ ಒಳಗಿವಿಯ ನಾಳಗಳಲ್ಲಿರುವ ದ್ರವವೂ ಅದೇ ವೇಗಕ್ಕೆ ಹೊಂದಿಕೊಳ್ಳುತ್ತದೆ. ತಿರುಗುತ್ತಿದ್ದೇನೆ ಎಂಬ ಅನುಭವವೇ ನಿಂತುಹೋಗುತ್ತದೆ. ವಿಮಾನವನ್ನು ನೇರ ಮಾಡಿದರೋ, ಎದುರು ದಿಕ್ಕಿಗೆ ವಾಲಿದಂತೆ ಅನಿಸುತ್ತದೆ. ರಾತ್ರಿ ಸುತ್ತೆಲ್ಲ ಕತ್ತಲಿದ್ದು ರನ್‌ವೇ ದೀಪಗಳಷ್ಟೇ ಕಂಡಾಗ ಪೈಲಟ್‌ಗೆ ತಾನು ತೀರ ಎತ್ತರದಲ್ಲಿದ್ದಂತೆ ತೋರುತ್ತದೆ. ಅದನ್ನು ನಂಬಿ ಇಳಿಸಿದರೆ ರನ್‌ವೇಗೆ ಮುಂಚೆಯೇ ನೆಲ. ಅದಕ್ಕೆಂದೇ ರನ್‌ವೇ ಪಕ್ಕದಲ್ಲಿ ನಾಲ್ಕು ದೀಪಗಳ ಸಾಲಿರುತ್ತದೆ: ಎರಡು ಬಿಳಿ, ಎರಡು ಕೆಂಪು ಕಂಡರೆ ಸರಿ, ನಾಲ್ಕೂ ಕೆಂಪಾದರೆ ತೀರ ಕೆಳಗೆ. ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ವಾಯುಪಡೆಯ ಪೈಲಟ್‌ಗಳನ್ನು ಯಂತ್ರದಲ್ಲಿ ಕೂರಿಸಿ ಇಂಥ ಭ್ರಮೆಗಳನ್ನು ಬೇಕೆಂದೇ ಹುಟ್ಟಿಸುತ್ತಾರೆ. ತರಬೇತಿ ಮುಗಿದ ಮೇಲೂ ಭ್ರಮೆ ಹಾಗೇ ಉಳಿಯುತ್ತದೆ. ಕಿವಿಯ ಮಾತು ಬಿಟ್ಟು ಉಪಕರಣದ ಮುಳ್ಳನ್ನು ನಂಬುವ ರೂಢಿ ಬರುತ್ತದೆ, ಅಷ್ಟೇ.

ಅರಿವು ಬಂದರೆ ಭ್ರಮೆ ತೊಲಗುತ್ತದೆ ಎಂದು ಇಂಥ ಸಭೆಗಳಲ್ಲಿ ಸಲೀಸಾಗಿ ಹೇಳಿಬಿಡುತ್ತೇವೆ. ನನ್ನ ತಕರಾರು ಅಲ್ಲೇ. ಕತ್ತಲಲ್ಲಿ ಹಗ್ಗ ಹಾವಾಗಿ ಕಂಡರೆ, ದೀಪ ತಂದೊಡನೆ ಆ ಹಾವು ಹೋಗುತ್ತದೆ, ನಿಜ. ಬಿಸಿಲ್ಗುದುರೆ ಹೋಗುವುದಿಲ್ಲ. ಕಾದ ಡಾಂಬರಿನ ಮೇಲೆ ಬೆಳಕು ಬಾಗುತ್ತದೆಂದು ಪಾಠ ಮಾಡುವ ಮೇಷ್ಟರಿಗೂ ಏಪ್ರಿಲ್‌ನ ಹೆದ್ದಾರಿಯಲ್ಲಿ ನೀರು ಕಾಣುತ್ತದೆ. 1889ರಲ್ಲಿ ಮ್ಯುಲ್ಲರ್-ಲಯರ್ ತೋರಿಸಿದ ಬಾಣದ ತುದಿಯ ಗೆರೆಗಳನ್ನು ಸ್ಕೇಲಿಟ್ಟು ಅಳೆದು, ಎರಡೂ ಸಮವೆಂದು ಗೊತ್ತಾದ ಮೇಲೂ ಒಂದು ಉದ್ದ, ಒಂದು ಗಿಡ್ಡ ಕಾಣುತ್ತದೆ. ಶಂಕರರ ಪರಂಪರೆಯವರಿಗೆ ಇದು ಗೊತ್ತಿತ್ತು. ಕೆಂಪು ಹೂವಿನ ಪಕ್ಕದ ಸ್ಫಟಿಕ, ಹೂವು ಅಲ್ಲಿರುವ ತನಕ, ಬಲ್ಲವನಿಗೂ ಕೆಂಪೇ. ಅದನ್ನು ‘ಸೋಪಾಧಿಕ ಭ್ರಮೆ’ ಎಂದು ಬೇರೆಯಾಗಿಯೇ ಎತ್ತಿಟ್ಟರು. ಉಡುಪಿಯ ಮಧ್ವರು ಇನ್ನೊಂದು ಕಡೆಯಿಂದ ಹಿಡಿದರು: ಭ್ರಮೆಯಾಗಬೇಕಾದರೂ ಇಲ್ಲಿ ನಿಜವಾದ ಹಗ್ಗ, ಎಲ್ಲೋ ನಿಜವಾದ ಹಾವು ಇರಲೇಬೇಕು. ಇವರಿಬ್ಬರ ವಾದಗಳನ್ನು ಮೋಕ್ಷದ ಪ್ರಶ್ನೆಗೇ ಮೀಸಲಿಟ್ಟು, ಗ್ರಹಿಕೆಯ ಶಾಸ್ತ್ರವಾಗಿ ಓದದೆ ನಾವು ನಷ್ಟ ಮಾಡಿಕೊಂಡಿದ್ದೇವೆ.

ಒಂದು ಬಗೆಯ ಭ್ರಮೆಯನ್ನು ಇನ್ನೊಂದರಿಂದ ಬೇರ್ಪಡಿಸದ ಈ ಅಸಡ್ಡೆ ಆಸ್ಪತ್ರೆಯಲ್ಲಿ ದುಬಾರಿ. ಮಬ್ಬಿನಲ್ಲಿ ತೂಗುವ ಅಂಗಿಯನ್ನು ಆಳೆಂದು ಕಾಣುವುದು ಒಂದು. ಯಾರೂ ಇಲ್ಲದಾಗ ದನಿ ಕೇಳಿಸುವುದು ಇನ್ನೊಂದು. ಮನೆಯವರು ಅನ್ನಕ್ಕೆ ವಿಷ ಹಾಕುತ್ತಾರೆಂದು ಹಟ ಹಿಡಿದು ನಂಬುವುದು ಮತ್ತೊಂದು. ಮನೋವೈದ್ಯರಿಗೆ ಇವು ಬೇರೆ ಬೇರೆ ಲಕ್ಷಣಗಳು. ಕನ್ನಡದಲ್ಲಿ ನಾವು ಮೂರನ್ನೂ ‘ಭ್ರಮೆ’ ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ. ಮಧ್ಯಾಹ್ನದ ಗೋಷ್ಠಿ ಪಾರಿಭಾಷಿಕ ಪದಗಳದ್ದು. ಕನ್ನಡ ವಿಭಾಗದವರು ಮೂರಕ್ಕೂ ಮೂರು ಪದ ಗೊತ್ತುಮಾಡಿಯೇ ಏಳಬೇಕು. ಆ ಪಟ್ಟಿಗೆ ‘ಮಾಯೆ’ಯನ್ನು ಮಾತ್ರ ತರಬೇಡಿ, ರೋಗಿಯ ಕೇಸ್ ಶೀಟಿನಲ್ಲಿ ಅವಳಿಗೇನೂ ಕೆಲಸವಿಲ್ಲ.