ಮಧ್ಯಾಹ್ನದ ಬೆಟ್ಟಕ್ಕೆ ಮುಸ್ಸಂಜೆ ಬಣ್ಣ

ಗ್ಯಾಲರಿಯಲ್ಲಿ ಸಪ್ಪೆಯಾಗಿ ಬಿದ್ದಿರೋ ಬೆಟ್ಟದ ಫೋಟೋ ಇದ್ಯಾ? ಬನ್ನಿ, ಅದನ್ನ ಮುಸ್ಸಂಜೆ ಮಾಡೋಣ.

ಸ್ನ್ಯಾಪ್‌ಸೀಡ್ ತೆರೀರಿ. ವೈಟ್ ಬ್ಯಾಲೆನ್ಸ್‌ನಲ್ಲಿ ಟೆಂಪರೇಚರ್ ಏರಿಸಿ, ಚಿತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ. ಟ್ಯೂನ್ ಇಮೇಜ್‌ನಲ್ಲಿ ಬ್ರೈಟ್‌ನೆಸ್ ಇಳಿಸಿ. ಆಮೇಲೆ ಸೆಲೆಕ್ಟಿವ್ ಟೂಲ್ ಹಿಡಿದು ದಿಗಂತದ ಹತ್ತಿರ ಮಾತ್ರ ಬೆಳಕು ಹೆಚ್ಚಿಸಿ. ಒಂದು ವಿಷಯ ನೆನಪಿರಲಿ: ಮಧ್ಯಾಹ್ನದ ನೆರಳು ಗಿಡ್ಡ, ಸಂಜೆಯದ್ದು ಉದ್ದ. ಆಕಾಶ ಸಂಜೆಯಾಗಿ ನೆರಳು ಮಧ್ಯಾಹ್ನದಲ್ಲೇ ನಿಂತ್ರೆ ಕಣ್ಣು ನಂಬಲ್ಲ. ಅದಕ್ಕೇ ನೆರಳು ಬೀಳದ, ಮೋಡ ಕವಿದ ದಿನದ ಫೋಟೋ ಆರಿಸ್ಕೊಳ್ಳಿ.

ಇದು ಮೋಸನಾ? 1982ರ ಫೆಬ್ರವರಿ ಸಂಚಿಕೆಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಒಂದು ಕೆಲಸ ಮಾಡ್ತು. ಗೀಜಾ ಪಿರಮಿಡ್‌ಗಳ ಅಡ್ಡ ಫೋಟೋ ಉದ್ದದ ಮುಖಪುಟಕ್ಕೆ ಹೊಂದಲಿ ಅಂತ, ಕಂಪ್ಯೂಟರ್‌ನಲ್ಲಿ ಪಿರಮಿಡ್‌ಗಳನ್ನೇ ಹತ್ತಿರ ಸರಿಸಿಬಿಡ್ತು. ಜೋರು ಟೀಕೆ ಬಂತು. ಯಾಕಂದ್ರೆ ಓದುಗರು ಆ ಪತ್ರಿಕೆ ತೋರಿಸಿದ್ದನ್ನ ನಿಜ ಅಂತಾನೇ ನೋಡ್ತಿದ್ರು.

ಕಲೆ ಅಂತ ಮಾಡಿದ್ರೆ ಆಕಾಶಕ್ಕೆ ನೇರಳೆ ಬಣ್ಣನೇ ಹಚ್ಚಿ, ಯಾರೂ ಕೇಳಲ್ಲ. ಆದ್ರೆ ಜಾಗದ ಹೆಸರು ಹಾಕಿ ಹಂಚಿದ್ರೆ ‘ಎಡಿಟ್ ಮಾಡಿದ್ದು’ ಅಂತ ಬರೀರಿ. ನಿಮ್ಮ ಫೋಟೋ ನಂಬಿ ದುಡ್ಡು ಖರ್ಚು ಮಾಡಿ ಅಲ್ಲಿಗೆ ಹೋಗೋರಿರ್ತಾರೆ. ನಾನು ಬಿಕಾಂ ಓದಿದವನು, ಅದಕ್ಕೆ ಹೇಳ್ತೀನಿ: ಬಣ್ಣ ಎಷ್ಟಾದ್ರೂ ಇರಲಿ, ಲೆಕ್ಕ ಚೊಕ್ಕ ಇರಲಿ.