ಮಾತನ್ನು ಮೊರಕ್ಕೆ ಹಾಕಿ ಕೇರಿರಿ



ಮೊನ್ನೆ ಮಠಕ್ಕೆ ಬಂದ ಒಬ್ಬ ರೈತರು ನಮ್ಮನ್ನು ಒಂದು ಪ್ರಶ್ನೆ ಕೇಳಿದರು. ಹತ್ತಿಯ ಹೊಲದಲ್ಲಿ ಅವರ ಮಗನಿಗೆ ಹಾವು ಕಚ್ಚಿತ್ತು. ಮೊದಲು ಸಿಕ್ಕವನು ಮಂತ್ರವಾದಿ. ಅವನ ಮೋಸ ಊರಿಗೆಲ್ಲ ಗೊತ್ತು. ಆದರೂ ಅವನು, "ಹುಡುಗನ್ನ ನಡೆಸಬ್ಯಾಡ್ರಿ, ಅಲುಗಾಡದಂಗ ಮಲಗಿಸ್ರಿ, ಧೈರ್ಯ ಹೇಳ್ರಿ" ಎಂದ. ಆಮೇಲೆ ಗಾಯ ಕೊಯ್ದು ಬೇರು ಕುಡಿಸಲು ಹೊರಟ. ರೈತರು ಒಪ್ಪದೆ ಮಗನನ್ನು ಮಲಗಿಸಿಕೊಂಡೇ ಆಸ್ಪತ್ರೆಗೆ ಒಯ್ದರು. ಹುಡುಗ ಉಳಿದ. ಅಲುಗಾಡಿಸದೆ ತಂದದ್ದು ಒಳ್ಳೆಯದಾಯಿತೆಂದು ಡಾಕ್ಟರರೂ ಹೇಳಿದರು. "ಅಪ್ಪಾರ, ಅವನ ಮಾತು ಖರೇ ಆತಲ್ರೀ. ಇನ್ನ ಅವನನ್ನ ನಂಬಬೇಕೇನ್ರೀ?"

ನಾವು ಹೇಳಿದೆವು: ಆ ಮಾತನ್ನು ನಂಬು, ಅವನನ್ನು ನಂಬಬೇಡ. ಕಚ್ಚಿದ ಅಂಗ ಅಲುಗಾಡಿದರೆ ವಿಷ ಬೇಗ ಏರುತ್ತದೆ. ಅದಕ್ಕೇ ಆ ಮಾತು ಸತ್ಯ, ಮಂತ್ರದಿಂದಲ್ಲ. ಆದರೆ ಏರಿದ ವಿಷವನ್ನು ಅಡಗಿಸುವುದು ಕುದುರೆಯ ರಕ್ತದಿಂದ ಮಾಡಿದ ವಿಷನಿರೋಧಕ ಇಂಜೆಕ್ಷನ್ ಮಾತ್ರ. ಕೊಯ್ದರೆ, ಬಿಗಿದು ಕಟ್ಟಿದರೆ ಹಾನಿಯೇ ಹೆಚ್ಚು.

ನಮ್ಮ ಹಿರಿಯರು ಈ ವಿವೇಕವನ್ನು ಬಲ್ಲವರಾಗಿದ್ದರು. ಆಡು ಕಾಯುವವರು, ದನ ಕಾಯುವವರು, ವನವಾಸಿಗಳು ಗಿಡಮೂಲಿಕೆಗಳನ್ನು ಹೆಸರಿನಿಂದ, ರೂಪದಿಂದ ಬಲ್ಲರೆಂದು ಚರಕಸಂಹಿತೆ ಒಪ್ಪುತ್ತದೆ. ಆದರೆ ಅಷ್ಟರಿಂದಲೇ ಪ್ರಯೋಗ ತಿಳಿದಂತಾಗದೆಂದೂ ಹೇಳುತ್ತದೆ. ಕಿವಿ ಎಲ್ಲರಿಗೂ ಕೊಡಬೇಕು, ಪರೀಕ್ಷೆಯನ್ನು ಯಾರಿಗೂ ಬಿಡಬಾರದು.

ನಮ್ಮ ಮಲೆನಾಡಿನಲ್ಲಿಯೂ ಬೆಳೆಯುವ ಸರ್ಪಗಂಧದ ಕಥೆ ನೋಡಿರಿ. ಆ ಬೇರು ಹಾವಿನ ವಿಷಕ್ಕೆ ಮದ್ದೆಂದು ಜನ ನಂಬಿದ್ದರು. ಆ ನಂಬಿಕೆ ನಿಲ್ಲಲಿಲ್ಲ. ಹಾಗೆಂದು ಪಂಡಿತರು ಬೇರನ್ನು ತಿಪ್ಪೆಗೆ ಎಸೆಯಲಿಲ್ಲ. ಅದು ರಕ್ತದ ಒತ್ತಡವನ್ನು ಇಳಿಸುತ್ತದೆಂದು 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಬರೆದರು. ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ ರೋಗಿಗಳಲ್ಲಿ ಪರೀಕ್ಷಿಸಿ, 1949ರಲ್ಲಿ ಇಂಗ್ಲೆಂಡಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಅದರ ಸಾರವಾದ ರಿಸರ್ಪಿನ್ ಬೇರ್ಪಟ್ಟಿತು. ಸುಳ್ಳಿನ ಜೊತೆಗೆ ಬೆರೆತಿದ್ದ ಸತ್ಯವನ್ನು ಹೊರತಂದದ್ದು ಪರೀಕ್ಷೆ.

ಇದರ ಇನ್ನೊಂದು ಮಗ್ಗುಲೂ ಉಂಟು. 2021ರ ಕರೋನಾ ಕಾಲದಲ್ಲಿ ಮೂಗಿಗೆ ನಿಂಬೆರಸ ಬಿಟ್ಟರೆ ಆಮ್ಲಜನಕ ಏರುತ್ತದೆಂಬ ಮಾತು ಹಬ್ಬಿತು. ಅದು ಗಣ್ಯರ ಬಾಯಿಂದಲೂ ಬಂತು. ನಮ್ಮ ಜಿಲ್ಲೆಯ ಸಿಂಧನೂರಿನಲ್ಲಿ ಒಬ್ಬ ಶಿಕ್ಷಕರು ಹಾಗೆ ಮಾಡಿಕೊಂಡ ಬಳಿಕ ಅಸ್ವಸ್ಥರಾಗಿ ತೀರಿಕೊಂಡರೆಂದು ಪತ್ರಿಕೆಗಳಲ್ಲಿ ಬಂತು. ನಿಂಬೆರಸದಿಂದ ಆಮ್ಲಜನಕ ಏರುವುದಿಲ್ಲ. ಹೆಸರು ಕೆಟ್ಟವನು ಒಂದು ಸತ್ಯ ನುಡಿದ, ಹೆಸರುಳ್ಳವರು ಒಂದು ಸುಳ್ಳು ನುಡಿದರು. ಇನ್ನು ಮುಖ ನೋಡಿ ಮಣೆ ಹಾಕುವುದು ಹೇಗೆ?

ಆದ್ದರಿಂದ ನಮ್ಮನ್ನೂ ಬಿಡಬೇಡಿರಿ. ಮಠಕ್ಕೆ ಬಂದು ವಿಭೂತಿಯ ಜೊತೆಗೆ ಮದ್ದನ್ನೂ ಕೇಳುವವರಿದ್ದೀರಿ. ಕಾವಿ ಉಟ್ಟ ಮಾತ್ರಕ್ಕೆ ನಮಗೆ ವೈದ್ಯ ಬರುವುದಿಲ್ಲ. ಸಂಸ್ಕೃತ ಓದಿದರೆ ನಾಡಿ ತಿಳಿಯುವುದಿಲ್ಲ.

ತಾಯಂದಿರೇ, ನೀವು ಜೋಳವನ್ನು ಮೊರಕ್ಕೆ ಹಾಕಿ ಕೇರುತ್ತೀರಿ. ಯಾರ ಹೊಲದ್ದಾದರೂ ಕೇರದೆ ಬೀಸುವುದಿಲ್ಲ. ಮಾತನ್ನೂ ಹಾಗೆಯೇ ಕೇರಿರಿ. ಇದನ್ನು ಯಾರು ಪರೀಕ್ಷಿಸಿದ್ದಾರೆ? ಸುಳ್ಳಾದರೆ ನಮಗಾಗುವ ಹಾನಿಯೇನು? ಇದನ್ನು ನಂಬಿ ಆಸ್ಪತ್ರೆಗೆ ಹೋಗುವುದು ತಡವಾಗುವುದೇ? ತಡವಾಗುವುದಾದರೆ, ಹೇಳಿದವರು ಯಾರೇ ಇರಲಿ, ಆ ಮಾತನ್ನು ಅಲ್ಲಿಯೇ ಬಿಟ್ಟು ಮೊದಲು ಗಾಡಿ ಹತ್ತಿರಿ. ಕಾಳು ಕೈಯಲ್ಲಿ ಉಳಿಯಲಿ, ಹೊಟ್ಟು ಗಾಳಿಗೆ ಹೋಗಲಿ.