ಗರ್ಭನಂಜು: ನೆತ್ತರು ಕೊಡುವ ಮುನ್ಸೂಚನೆ

ಬಸುರಿಯ ಕಾಲು ಬಾತರೆ “ಕಾಲಿಗೆ ನೀರು ಇಳಿದಿದೆ, ಹೆರಿಗೆಯಾದರೆ ಸರಿಹೋಗುತ್ತದೆ” ಎಂದು ಹಿರಿಯರು ಸಮಾಧಾನ ಹೇಳುವುದು ನಮ್ಮ ಬೈರಾಪಟ್ಟಣದ ಕಡೆ ವಾಡಿಕೆ. ಬಹುಮಟ್ಟಿಗೆ ಅದು ನಿಜವೂ ಹೌದು. ಆದರೆ ಬಾವಿನೊಡನೆ ತಲೆಸಿಡಿತ, ಕಣ್ಣು ಮಂಜಾಗುವಿಕೆ, ಮೇಲುಹೊಟ್ಟೆಯ ನೋವು ಸೇರಿದಾಗ ಅದೇ ಸಮಾಧಾನದ ಮಾತು ಎರಡು ಜೀವಗಳಿಗೆ ಕುತ್ತಾಗಬಹುದು.

ಬಸುರಿನ 20 ವಾರಗಳ ತರುವಾಯ ರಕ್ತದೊತ್ತಡ 140/90ಕ್ಕೋ ಅದರ ಮೇಲಕ್ಕೋ ಏರಿ, ಮೂತ್ರದಲ್ಲಿ ಪ್ರೋಟೀನ್ ಕಾಣಿಸುವ ಇಲ್ಲವೆ ಮೂತ್ರಪಿಂಡ, ಯಕೃತ್ತುಗಳು ಕೆಡುವ ಈ ಬೇನೆಯನ್ನು ಗರ್ಭನಂಜು ಎಂದು ಕರೆದರು. ನಂಜೆಂದರೆ ವಿಷ. ಅದು ಉಲ್ಬಣಿಸಿ ಸೆಳವು ಬರುವ ಸ್ಥಿತಿಗೆ ಎಕ್ಲಾಂಪ್ಸಿಯ ಎಂದು ಹೆಸರು. ಫಳ್ಳನೆ ಹೊಳೆಯುವುದು ಎಂಬುದು ಆ ಗ್ರೀಕ್ ಮೂಲದ ಪದದ ಅರ್ಥ. ಮಿಂಚಿನಂತೆ ಹಠಾತ್ತನೆ ಎರಗುವ ಈ ವಿಷ ಯಾವುದೆಂಬುದು ಬಹುಕಾಲ ತಿಳಿದಿರಲಿಲ್ಲ.

2003ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಭಾರತೀಯ ಮೂಲದ ವೈದ್ಯ ಅನಂತ್ ಕರುಮಂಚಿ ಮತ್ತು ಸಂಗಡಿಗರು ಮುಖ್ಯವಾದೊಂದು ಸುಳಿವನ್ನು ಹೊರಗೆಡಹಿದರು. ಮಾಸಿನಿಂದ ಎರಡು ಪ್ರೋಟೀನುಗಳು ತಾಯಿಯ ನೆತ್ತರಿಗೆ ಸೇರುತ್ತವೆ. ಪಿ.ಎಲ್.ಜಿ.ಎಫ್. ಎಂಬುದು ರಕ್ತನಾಳಗಳನ್ನು ಪೋಷಿಸುತ್ತದೆ, ಎಸ್.ಎಫ್.ಎಲ್.ಟಿ.-1 ಎಂಬುದು ಅದನ್ನು ಹಿಡಿದು ಕೆಲಸಗೆಡಿಸುತ್ತದೆ. ಗರ್ಭನಂಜಿನಲ್ಲಿ ಎರಡನೆಯದು ಏರಿ ಮೊದಲನೆಯದು ಕುಗ್ಗುತ್ತದೆ. ಅದೂ ಬೇನೆಯ ಲಕ್ಷಣಗಳಿಗಿಂತ ಕೆಲವು ವಾರ ಮೊದಲೇ. 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸಂದೇಹಕ್ಕೆ ಒಳಗಾದ ಬಸುರಿಯಲ್ಲಿ ಎರಡನೆಯದಕ್ಕೂ ಮೊದಲನೆಯದಕ್ಕೂ ಇರುವ ಅನುಪಾತ 38ನ್ನು ಮೀರದಿದ್ದರೆ, ಮುಂದಿನ ಒಂದು ವಾರದಲ್ಲಿ ಬೇನೆ ತಲೆದೋರುವ ಸಂಭವ ತೀರ ಕಡಿಮೆ.

ಪ್ರಿಯ ಶ್ರೋತೃಗಳೇ, ಈ ಪರೀಕ್ಷೆ ಹಳ್ಳಿಯ ಆಸ್ಪತ್ರೆಗಳಲ್ಲಿ ಸುಲಭವಾಗಿ ಸಿಗುವಂಥದಲ್ಲ. ಸಿಕ್ಕರೂ ಅದು ಸೂಚನೆಯೇ ಹೊರತು ಚಿಕಿತ್ಸೆಯಲ್ಲ. ಬೇನೆಯ ಬೇರು ಮಾಸಿನಲ್ಲಿರುವುದರಿಂದ ಹೆರಿಗೆಯೇ ಅದಕ್ಕೆ ಪರಿಹಾರ. ಹೆರಿಗೆಯ ಬಳಿಕವೂ ಕೆಲವು ವಾರ ಎಚ್ಚರ ತಪ್ಪುವಂತಿಲ್ಲ.

ನೆತ್ತರಿನ ಪರೀಕ್ಷೆ ಎಟುಕದ ಕಡೆ ಏನು ಮಾಡಬಹುದೆಂಬುದಕ್ಕೆ ನಮ್ಮ ನಾಡಿನಲ್ಲೇ ಒಂದು ನಿದರ್ಶನವಿದೆ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಆಶಾ ಕಾರ್ಯಕರ್ತೆಯರೂ ದಾದಿಯರೂ ಮನೆಗಳಿಗೇ ಹೋಗಿ ಬಸುರಿಯರ ರಕ್ತದೊತ್ತಡ ಅಳೆದು, ಅಗತ್ಯವಿದ್ದವರಿಗೆ ಮದ್ದು ಕೊಟ್ಟು ಆಸ್ಪತ್ರೆಗೆ ಕಳಿಸುವ ಪ್ರಯೋಗ ನಡೆಯಿತು. 2020ರ ವರದಿಯಂತೆ ಒಟ್ಟಾರೆ ಸಾವುನೋವು ಎಣಿಸಿದಷ್ಟು ತಗ್ಗಲಿಲ್ಲ. ಆದರೆ ಪಾಕಿಸ್ತಾನ, ಮೊಜಾಂಬಿಕ್‌ಗಳ ಲೆಕ್ಕವನ್ನೂ ಕೂಡಿಸಿ ನೋಡಿದಾಗ, ಎಂಟು ಅಥವಾ ಹೆಚ್ಚು ಬಾರಿ ತಪಾಸಣೆ ಕಂಡವರ ಸ್ಥಿತಿ ಮೇಲಾಗಿದ್ದುದು ಗೋಚರಿಸಿತು. ಒಮ್ಮೆ ನೋಡಿದರೆ ಸಾಲದು, ಮತ್ತೆ ಮತ್ತೆ ನೋಡಬೇಕು ಎಂಬುದೇ ಇದರ ಪಾಠ.

ಮನೆಯ ಹಿರಿಯರಲ್ಲಿ ನನ್ನ ಬಿನ್ನಹ ಇಷ್ಟೆ. ಪ್ರತಿ ಭೇಟಿಯಲ್ಲೂ ತಾಯಿ ಕಾರ್ಡಿನಲ್ಲಿ ರಕ್ತದೊತ್ತಡ ಬರೆದಿದ್ದಾರೆಯೇ ಎಂದು ನೋಡಿ. ಮಗಳೋ ಸೊಸೆಯೋ ತಲೆ ಸಿಡಿಯುತ್ತಿದೆ, ಕಣ್ಣು ಮಂಜಾಗಿದೆ ಎಂದರೆ “ನಾವೆಲ್ಲ ಹೆತ್ತಿಲ್ಲವೇ” ಎನ್ನಬೇಡಿ. ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ.